ಕಾಂಪೋಸ್ಟ್‌ನಲ್ಲಿ ಭಾರ ಲೋಹ: ಎಕ್ಸ್‌ಆರ್‌ಎಫ್ ಗನ್ ಹಿಡಿಯುವ ಮೊದಲು, ಹಿಡಿದಾಗ, ಹಿಡಿದ ಮೇಲೆ

ಗೊಬ್ಬರ ಘಟಕ ನಡೆಸುವವರು ಮತ್ತೆ ಮತ್ತೆ ಹೇಳುವ ದೂರು ಒಂದೇ. ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಗನ್ ಬಾಡಿಗೆಗೆ ತಂದು ರಾಶಿಗೆ ಹಿಡಿದಿದ್ದಾರೆ. ಎಕ್ಸ್-ಕಿರಣ ಬಿಟ್ಟು, ಲೋಹಗಳಿಂದ ವಾಪಸ್ ಬರುವ ಕಿರಣ ನೋಡಿ ಯಾವ ಲೋಹ ಎಷ್ಟಿದೆ ಎಂದು ತೋರಿಸುವ ಉಪಕರಣ ಇದು. ಸೀಸ ಮಿತಿಯೊಳಗಿದೆ ಎಂದು ಪರದೆ ತೋರಿಸಿದೆ. ಅದೇ ಗೊಬ್ಬರ ಲ್ಯಾಬ್‌ನಲ್ಲಿ ಫೇಲ್ ಆಗಿದೆ. ಕೆಲವರಿಗೆ ಇದು ತಿರುಗುಮುರುಗು: ಗನ್‌ನಲ್ಲಿ ಕ್ರೋಮಿಯಂ ಜಾಸ್ತಿ, ಲ್ಯಾಬ್ ವರದಿಯಲ್ಲಿ ಕಡಿಮೆ. ಕೊನೆಗೆ ಬೈಗುಳ ಬೀಳುವುದು ಮೆಷಿನ್‌ಗೆ.

ಬಹುತೇಕ ಸಲ ಮೆಷಿನ್ ಸರಿಯಾಗೇ ಇರುತ್ತದೆ. ಟ್ರಿಗರ್ ಒತ್ತುವ ಮೊದಲಿನ ಕೆಲಸ ತಪ್ಪಿರುತ್ತದೆ. ಹಾಗಾಗಿ ಈ ಮಾರ್ಗದರ್ಶಿಯ ಅರ್ಧ ಭಾಗ ಸ್ಯಾಂಪಲ್ ತಯಾರಿಯ ಬಗ್ಗೆಯೇ ಇದೆ. ಅದನ್ನು ಹಾರಿಸಿ ಆರನೇ ಹಂತಕ್ಕೆ ಹೋಗಬೇಡಿ.

## ಯಾವ ಮಿತಿ, ಯಾವ ಲೋಹ

ನಗರದ ಕಸದಿಂದ ಮಾಡಿದ ಕಾಂಪೋಸ್ಟ್‌ಗೆ 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಮಿತಿಗಳಿವೆ. ಕಿಲೋಗೆ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ, ಅಂದರೆ ಪಿಪಿಎಂನಲ್ಲಿ, ಅವು ಹೀಗಿವೆ:

- ಸೀಸ 100
- ಕ್ಯಾಡ್ಮಿಯಂ 5
- ಕ್ರೋಮಿಯಂ 50
- ನಿಕಲ್ 50
- ತಾಮ್ರ 300
- ಸತು 1000
- ಆರ್ಸೆನಿಕ್ 10
- ಪಾದರಸ 0.15

ಎರೆಗೊಬ್ಬರದ ಪಟ್ಟಿಯಲ್ಲೂ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್‌ಗೆ ಇವೇ ಅಂಕಿಗಳಿವೆ.

ಇವನ್ನೆಲ್ಲ ಒಣ ತೂಕದ ಮೇಲೆ ಲೆಕ್ಕ ಹಾಕಬೇಕು. ಇನ್ನೊಂದು ವಿಷಯ ಹಲವರ ಕಣ್ಣು ತಪ್ಪಿಸುತ್ತದೆ. ಆದೇಶದಲ್ಲಿ ಆರ್ಸೆನಿಕ್ ಅನ್ನು ಅದರ ಆಕ್ಸೈಡ್ ರೂಪದಲ್ಲಿ ಲೆಕ್ಕ ಹಾಕಿದ್ದಾರೆ. ಗನ್ ತೋರಿಸುವುದು ಬರೀ ಆರ್ಸೆನಿಕ್. ಗನ್‌ನ ಅಂಕಿಯನ್ನು 1.32ರಿಂದ ಗುಣಿಸಿ ಆಮೇಲೆ 10ಕ್ಕೆ ಹೋಲಿಸಬೇಕು. ಅಂದರೆ ಗನ್‌ನಲ್ಲಿ 7.6 ದಾಟಿದರೆ ಆಗಲೇ ಮಿತಿ ಮೀರಿದಂತೆ.

ಈಗ ಗನ್‌ನ ಶಕ್ತಿ ಎಷ್ಟು ಎಂದು ನೋಡೋಣ. ಸೀಸ, ಸತು, ತಾಮ್ರ: ಇವುಗಳಲ್ಲಿ ಅದನ್ನು ನಂಬಬಹುದು. ಇವುಗಳ ಮಿತಿ ಗನ್ ಗುರುತಿಸಬಲ್ಲ ಮಟ್ಟಕ್ಕಿಂತ ಸಾಕಷ್ಟು ಮೇಲಿದೆ. ಕ್ರೋಮಿಯಂ, ನಿಕಲ್ ಮಧ್ಯಮ. ಕ್ಯಾಡ್ಮಿಯಂ ಮತ್ತು ಆರ್ಸೆನಿಕ್‌ನಲ್ಲಿ ಮಿತಿಯೂ ಗನ್‌ನ ಸಾಮರ್ಥ್ಯವೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿವೆ. ಹಾಗಾಗಿ ತುಂಬಾ ಕೆಟ್ಟ ರಾಶಿಯನ್ನು ಹಿಡಿಯಬಹುದು, ಒಳ್ಳೆಯ ರಾಶಿ ಎಂದು ಹೇಳಲು ಆಗುವುದಿಲ್ಲ. ಪಾದರಸ ಇದರಿಂದ ಸಾಧ್ಯವೇ ಇಲ್ಲ. ಗನ್‌ಗೆ ಪಾದರಸ ಕಾಣಬೇಕಾದರೆ ಸಾಮಾನ್ಯವಾಗಿ ಹಲವು ಪಿಪಿಎಂ ಇರಬೇಕು, ಮಿತಿ ಇರುವುದು 0.15. ಪರದೆಯ ಮೇಲೆ ಪಾದರಸದ ಎದುರು ಏನೂ ಬರಲಿಲ್ಲ ಎಂದು "ಪಾದರಸ ಮುಕ್ತ" ಅಂತ ಚೀಲದ ಮೇಲೆ ಬರೆಯುವುದು ರೈತರಿಗೆ ಮಾಡುವ ಮೋಸ.

## ಬೇಕಾಗುವ ಸಾಮಾನು

ಮಣ್ಣಿನ ಮೋಡ್ ಇರುವ ಎಕ್ಸ್‌ಆರ್‌ಎಫ್ ಗನ್ ಮತ್ತು ಅದರ ಸ್ಟ್ಯಾಂಡ್. ಗುಜರಿ ವ್ಯಾಪಾರಿಗಳ ಬಳಿ ಇರುವ ಗನ್‌ನಲ್ಲಿ ಹೆಚ್ಚಾಗಿ ಮಿಶ್ರಲೋಹದ ಮೋಡ್ ಮಾತ್ರ ಇರುತ್ತದೆ. ಚಿನ್ನದ ಅಂಗಡಿಯ ಕ್ಯಾರೆಟ್ ಮೆಷಿನ್ ಕೂಡ ಇದೇ ತತ್ವದ್ದು. ಎರಡೂ ಗೊಬ್ಬರಕ್ಕೆ ಆಗುವುದಿಲ್ಲ. ಲೋಹದ ತುಂಡಿಗಾಗಿ ಮಾಡಿದ ಲೆಕ್ಕವನ್ನು ಅವು ಗೊಬ್ಬರಕ್ಕೂ ಹಾಕುತ್ತವೆ. ಬರುವ ಅಂಕಿಗೆ ಅರ್ಥವಿಲ್ಲ.

ಆನ್‌ಲೈನ್‌ನಲ್ಲಿ ಸಿಗುವ ಮೂರು ಮುಳ್ಳಿನ ಮಣ್ಣು ಪರೀಕ್ಷಕ, ಟಿಡಿಎಸ್ ಮೀಟರ್, ಬಣ್ಣದ ಗೋಡೆಗೆ ಉಜ್ಜುವ ಸೀಸದ ಕಿಟ್, ಇವುಗಳಿಗೆ ದುಡ್ಡು ಹಾಕಬೇಡಿ. ಒಂದೂ ಕಾಂಪೋಸ್ಟ್‌ನೊಳಗಿನ ಭಾರ ಲೋಹ ಅಳೆಯುವುದಿಲ್ಲ.

ಉಳಿದದ್ದು: ಪ್ಲಾಸ್ಟಿಕ್ ಸಲಿಕೆ, ಪ್ಲಾಸ್ಟಿಕ್ ಬಕೆಟ್, ತಾಡಪಾಲು, ಗ್ರಾಂ ತೂಗುವ ತಕ್ಕಡಿ, ಉಷ್ಣಾಂಶ ಹಿಡಿದಿಡುವ ಓವನ್, ಪಿಂಗಾಣಿ ಕುಟ್ಟಾಣಿ, ನೈಲಾನ್ ಜರಡಿ, ಎಕ್ಸ್‌ಆರ್‌ಎಫ್ ಕಪ್‌ಗಳು ಮತ್ತು ಅವುಗಳ ತೆಳು ಫಿಲ್ಮ್, ಲೋಹದ ಪ್ರಮಾಣ ಗೊತ್ತಿರುವ ಪ್ರಮಾಣಿತ ಮಣ್ಣು, ಶುದ್ಧ ಸಿಲಿಕಾ ಪುಡಿ. ಧೂಳಿಗೆ ಮಾಸ್ಕ್, ಕೈಗವಸು.

ಇಲ್ಲಿ ಲೋಹದ ಉಪಕರಣ ಬೇಡ ಎಂದು ಸುಮ್ನೆ ಹೇಳುತ್ತಿಲ್ಲ. ಸತುವಿನ ಲೇಪದ ಬಕೆಟ್ ಸತು ಬಿಡುತ್ತದೆ. ಹಿತ್ತಾಳೆ ಜರಡಿ ತಾಮ್ರ ಮತ್ತು ಸತು ಎರಡನ್ನೂ ಬಿಡುತ್ತದೆ. ಮಿಕ್ಸಿಯ ಸ್ಟೀಲ್ ಬ್ಲೇಡಿನಿಂದ ಕ್ರೋಮಿಯಂ, ನಿಕಲ್ ಬರುತ್ತವೆ. ಬಣ್ಣ ಬಳಿದ ಹಳೆಯ ಸಲಿಕೆಯಿಂದ ಸೀಸವೇ ಉದುರಬಹುದು.

ಗನ್ ಎಕ್ಸ್-ಕಿರಣ ಹೊರಡಿಸುವ ಉಪಕರಣ. ನಮ್ಮ ದೇಶದಲ್ಲಿ ಇಂಥವು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳ ಕೆಳಗೆ ಬರುತ್ತವೆ. ಬಾಡಿಗೆಗೆ ಕೊಡುವವರ ಹತ್ತಿರ ಅನುಮತಿಯ ಕಾಗದ ಕೇಳಿ. ತರಬೇತಿ ಪಡೆದವರೇ ನಡೆಸಲಿ.

## 1. ರಾಶಿಗೆ ಏನೇನು ಬಿದ್ದಿದೆ ಎಂದು ಬರೆದುಕೊಳ್ಳಿ

ಮೂಲ ಗೊತ್ತಿದ್ದರೆ ಯಾವ ಲೋಹದ ಮೇಲೆ ಕಣ್ಣಿಡಬೇಕು ಎಂದು ಗೊತ್ತಾಗುತ್ತದೆ. ಬೇರ್ಪಡಿಸದ ಊರ ಕಸ, ರಸ್ತೆ ಗುಡಿಸಿದ ಧೂಳು, ಬಣ್ಣದ ಚಕ್ಕೆ, ಬ್ಯಾಟರಿ ಇದ್ದರೆ ಸೀಸ. ಕೋಳಿ ಗೊಬ್ಬರ, ಹಂದಿ ಗೊಬ್ಬರ ಇದ್ದರೆ ತಾಮ್ರ, ಸತು. ಅವು ಮೇವಿನಲ್ಲೇ ಬಂದಿರುತ್ತವೆ. ಚರ್ಮ ಹದ ಮಾಡುವ ಕಡೆಯ ಕಸವಾದರೆ ಕ್ರೋಮಿಯಂ. ರಾಕ್ ಫಾಸ್ಫೇಟ್ ಬೆರೆಸಿದ್ದರೆ ಕ್ಯಾಡ್ಮಿಯಂ. ಗೆದ್ದಲು ಬಾರದಂತೆ ಔಷಧ ಹಾಕಿದ ಮರದ ಬೂದಿ ಇದ್ದರೆ ಆರ್ಸೆನಿಕ್, ಕ್ರೋಮಿಯಂ, ತಾಮ್ರ ಮೂರೂ ಬರಬಹುದು. ಕಾರ್ಖಾನೆ ನೀರು ಸೇರುವ ಕೆರೆಯ ಹೂಳು ಬೆರೆಸಿದ್ದರೆ ಎಲ್ಲವನ್ನೂ ನೋಡಬೇಕು.

ಮಣ್ಣು ಎಲ್ಲಿಯದು ಎಂದೂ ಕೇಳಿ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಕಡೆಯ ಬಂಡೆಗಳಲ್ಲಿ ಕ್ರೋಮೈಟ್ ಅದಿರೇ ಇದೆ, ಬೈರಾಪುರದಲ್ಲಿ ಅದರ ಗಣಿಗಾರಿಕೆಯೂ ನಡೆದಿದೆ. ಅಂಥ ಸೀಮೆಯ ಮಣ್ಣು ಗೊಬ್ಬರಕ್ಕೆ ಸೇರಿದರೆ ಕ್ರೋಮಿಯಂ, ನಿಕಲ್ ಹುಟ್ಟಿನಿಂದಲೇ ಜಾಸ್ತಿ ಇರುತ್ತವೆ. ಇದು ಎಂಟನೇ ಹಂತದಲ್ಲಿ ಬೇಕಾಗುತ್ತದೆ.

ಹಸಿ ಕಸವನ್ನು ಪರೀಕ್ಷಿಸಿ "ಪಾಸ್" ಎಂದು ನಿಶ್ಚಿಂತೆಯಾಗಬೇಡಿ. ಕೊಳೆಯುವಾಗ ಇಂಗಾಲ ಗಾಳಿಗೆ ಹೋಗುತ್ತದೆ, ಲೋಹ ಅಲ್ಲೇ ಉಳಿಯುತ್ತದೆ. ಒಣ ತೂಕ ಅರ್ಧಕ್ಕೆ ಇಳಿದರೆ 60 ಇದ್ದ ಸೀಸ 120 ಆಗುತ್ತದೆ. ಪರೀಕ್ಷೆ ಮಾಡಬೇಕಾದ್ದು ಮಾಗಿದ, ಜರಡಿ ಹಿಡಿದ, ಮಾರಾಟಕ್ಕೆ ಸಿದ್ಧವಾದ ಗೊಬ್ಬರವನ್ನು.

## 2. ಸ್ಯಾಂಪಲ್ ತೆಗೆಯುವುದು

ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ. ಗನ್‌ನ ಕಿಟಕಿ ಸುಮಾರು ಒಂದು ಸೆಂಟಿಮೀಟರ್ ಅಗಲ. ಅದು ಒಂದು ಸಲಕ್ಕೆ ನೋಡುವುದು ಕೆಲವೇ ಗ್ರಾಂ ಗೊಬ್ಬರವನ್ನು. ನಿಮ್ಮ ರಾಶಿ ಹತ್ತು ಟನ್. ಆ ಕೆಲವು ಗ್ರಾಂ ಇಡೀ ರಾಶಿಯ ಪರವಾಗಿ ಮಾತಾಡಬೇಕು.

ಲೋಹ ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ. ಒಂದು ಗ್ರಾಂ ಸೀಸವಿರುವ ಚೂರು ಹತ್ತು ಕಿಲೋ ಗೊಬ್ಬರದಲ್ಲಿ ಬೆರೆತರೆ, ಆ ಹತ್ತು ಕಿಲೋ ಪೂರ್ತಿ 100 ಪಿಪಿಎಂ ಮುಟ್ಟುತ್ತದೆ. ಆ ಚೂರು ಸಿಕ್ಕ ಕಡೆ ಹಿಡಿದರೆ ಭಯಂಕರ ಅಂಕಿ, ಒಂದು ಮೊಳ ಪಕ್ಕಕ್ಕೆ ಹಿಡಿದರೆ ಏನೂ ಇಲ್ಲ.

ರಾಶಿಯ ಬುಡ, ನಡು, ಮೇಲ್ಭಾಗ ಮೂರೂ ಎತ್ತರಗಳಿಂದ, ಸುತ್ತಲೂ ಒಟ್ಟು ಹತ್ತು-ಹನ್ನೆರಡು ಕಡೆಯಿಂದ ತೆಗೆಯಿರಿ. ಮೇಲಿನ ಪದರ ಸರಿಸಿ ಒಂದಡಿ ಒಳಗಿನಿಂದ ತೆಗೆಯಬೇಕು. ಪ್ರತಿ ಕಡೆಯಿಂದ ಅರ್ಧ ಕಿಲೋ. ಚೀಲಕ್ಕೆ ತುಂಬಿಯಾಗಿದ್ದರೆ ಬೇರೆ ಬೇರೆ ಹತ್ತು ಚೀಲಗಳಿಂದ ತೆಗೆಯಿರಿ, ಬಾಯಿಯ ಹತ್ತಿರದ್ದನ್ನು ಮಾತ್ರ ಕೆರೆಯಬೇಡಿ.

ಎಲ್ಲವನ್ನೂ ತಾಡಪಾಲಿನ ಮೇಲೆ ಸುರಿದು ಚೆನ್ನಾಗಿ ಬೆರೆಸಿ. ಗುಡ್ಡೆ ಮಾಡಿ, ಚಪ್ಪಟೆ ಮಾಡಿ, ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದೆರಡನ್ನು ರಾಶಿಗೆ ವಾಪಸ್ ಹಾಕಿ. ಒಂದು ಕಿಲೋ ಉಳಿಯುವವರೆಗೆ ಹೀಗೇ ಮಾಡಿ. ಅದರಲ್ಲಿ ಅರ್ಧ ಪರೀಕ್ಷೆಗೆ, ಅರ್ಧ ಮುಚ್ಚಳ ಹಾಕಿ ಎತ್ತಿಡಲು. ಮುಂದೆ ತಕರಾರು ಬಂದರೆ ಆ ಅರ್ಧವೇ ನಿಮ್ಮ ಸಾಕ್ಷಿ.

ಬೆರೆಸುವಾಗ ಫಾಯಿಲ್, ಬಲ್ಬಿನ ಚೂರು, ವೈರ್, ಬ್ಯಾಟರಿಯ ಕಪ್ಪು ಪುಡಿ ಕಂಡರೆ ಅದನ್ನು ಬರೆದಿಡಿ. ಇದು ಮೊದಲ ಎಚ್ಚರಿಕೆ. ಅಂಥದ್ದನ್ನು ಆರಿಸಿ ಬಿಸಾಕಿ ಉಳಿದದ್ದನ್ನು ಮಾತ್ರ ಅಳೆದರೆ ರೈತರಿಗೆ ಹೋಗುವ ಗೊಬ್ಬರದ ನಿಜ ಸ್ಥಿತಿ ಗೊತ್ತಾಗುವುದಿಲ್ಲ. ರೈತರಿಗೆ ಹೋಗುವುದು ಹೇಗಿದೆಯೋ ಹಾಗೇ ಪರೀಕ್ಷೆಗೂ ಬರಲಿ.

## 3. ಒಣಗಿಸುವುದು

ತೇವ ಇದ್ದ ಗೊಬ್ಬರಕ್ಕೆ ಗನ್ ಹಿಡಿದರೆ ಅಂಕಿ ಕಡಿಮೆ ಬರುತ್ತದೆ. ನೀರು ಲೋಹವನ್ನು ತೆಳುವಾಗಿಸುವುದು ಒಂದು ಕಾರಣ. ಲೋಹದಿಂದ ವಾಪಸ್ ಬರುವ ಕಿರಣವನ್ನು ನೀರು ಹೀರಿಕೊಳ್ಳುವುದು ಇನ್ನೊಂದು. ಕ್ರೋಮಿಯಂನ ಕಿರಣ ದುರ್ಬಲ, ಅದಕ್ಕೆ ಪೆಟ್ಟು ಜಾಸ್ತಿ.

ಶೇ 40 ತೇವ ಇರುವ ರಾಶಿಯಲ್ಲಿ ಗನ್ 66 ಪಿಪಿಎಂ ಸೀಸ ತೋರಿಸಿತು ಅನ್ನಿ. ಒಣ ತೂಕಕ್ಕೆ ತರಲು 0.60ರಿಂದ ಭಾಗಿಸಿ: 110. ಆರಾಮಾಗಿ ಪಾಸ್ ಅನ್ನಿಸಿದ್ದು ಫೇಲ್ ಆಯಿತು, ಅಲ್ವಾ? ಗನ್‌ನಲ್ಲಿ ಪಾಸಾಗಿ ಲ್ಯಾಬ್‌ನಲ್ಲಿ ಫೇಲ್ ಆಗುವ ರಾಶಿಗಳ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಹೀಗೆ ಭಾಗಿಸುವುದು ಅಂದಾಜಿಗೆ ಮಾತ್ರ. ನೀರು ಹೀರಿಕೊಂಡ ಕಿರಣ ಈ ಲೆಕ್ಕದಲ್ಲಿ ಬರುವುದಿಲ್ಲ. ಒಣಗಿಸಿ ಅಳೆಯುವುದೇ ಸರಿ.

ಮೊದಲು ನೆರಳಿನಲ್ಲಿ, ಧೂಳು ಬೀಳದ ಕಡೆ ಕಾಗದದ ಮೇಲೆ ತೆಳುವಾಗಿ ಹರಡಿ. ಆಮೇಲೆ ಓವನ್‌ನಲ್ಲಿ 60ರಿಂದ 70 ಡಿಗ್ರಿಯಲ್ಲಿಟ್ಟು ಆಗಾಗ ತೂಗಿ. ಎರಡು ಸಲದ ತೂಕ ಒಂದೇ ಬಂದರೆ ಒಣಗಿದೆ ಎಂದರ್ಥ. ಒಣಗುವ ಮೊದಲಿನ ತೂಕ, ನಂತರದ ತೂಕ ಎರಡನ್ನೂ ಬರೆದಿಡಿ. ಬಾಣಲೆಯಲ್ಲಿ ಹುರಿಯುವುದು, ಮೈಕ್ರೋವೇವ್‌ನಲ್ಲಿಡುವುದು ಬೇಡ. ಗೊಬ್ಬರ ಸುಟ್ಟರೆ ತೂಕ ಇಳಿದು ಅಂಕಿಯೇ ಬದಲಾಗುತ್ತದೆ.

ಪಾದರಸಕ್ಕಾಗಿ ಲ್ಯಾಬ್‌ಗೆ ಕಳಿಸುವ ಭಾಗವನ್ನು ಓವನ್‌ಗೆ ಹಾಕಬೇಡಿ. ಪಾದರಸ ಬಿಸಿಗೆ ಹಾರಿಹೋಗುತ್ತದೆ. ಆ ಭಾಗವನ್ನು ಮೊದಲೇ ತೆಗೆದು ಗಾಜಿನ ಬಾಟಲಿಯಲ್ಲಿ ಮುಚ್ಚಿಡಿ.

## 4. ಪುಡಿ ಮಾಡಿ ಜರಡಿ ಹಿಡಿಯುವುದು

ಕುಟ್ಟಾಣಿಯಲ್ಲಿ ಕುಟ್ಟಿ 0.25 ಮಿಲಿಮೀಟರ್ ಜರಡಿಯಲ್ಲಿ ಹಾಯಿಸಿ. ನಾರು, ಕಡ್ಡಿ ಮೇಲೆ ಉಳಿಯುತ್ತವೆ. ಅವನ್ನು ಎಸೆಯುವುದು ಎಲ್ಲರಿಗೂ ಸುಲಭ ಅನ್ನಿಸುತ್ತದೆ, ಆದರೆ ಎಸೆಯಬಾರದು. ಲೋಹ ಹೆಚ್ಚಾಗಿ ಸಣ್ಣ ಕಣಗಳಿಗೆ ಅಂಟಿರುತ್ತದೆ. ದಪ್ಪದ್ದನ್ನು ಬಿಟ್ಟರೆ ಅಂಕಿ ಇರುವುದಕ್ಕಿಂತ ಮೇಲೆ ಹೋಗುತ್ತದೆ. ಉಳಿದದ್ದನ್ನು ಮತ್ತೆ ಕುಟ್ಟಿ, ಪೂರ್ತಿ ಕೆಳಗಿಳಿಯುವವರೆಗೆ. ಕೊನೆಗೆ ಎಲ್ಲ ಪುಡಿಯನ್ನೂ ಮತ್ತೊಮ್ಮೆ ಬೆರೆಸಿ.

ಒಂದು ಸ್ಯಾಂಪಲ್ ಮುಗಿದ ಮೇಲೆ ಕುಟ್ಟಾಣಿ, ಜರಡಿ ತೊಳೆದು ಒಣಗಿಸಿ. ಕೊಳಕು ಅನ್ನಿಸಿದ ರಾಶಿಯನ್ನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳಿ. ಪುಡಿ ಮಾಡುವಾಗ ಮಾಸ್ಕ್ ತೆಗೆಯಬೇಡಿ.

## 5. ಕಪ್ ತುಂಬುವುದು

ಕಪ್‌ನ ತಳಕ್ಕೆ ತೆಳು ಫಿಲ್ಮ್ ಸುಕ್ಕಿಲ್ಲದಂತೆ ಎಳೆದು ಕಟ್ಟಿ. ಎರಡು ಸೆಂಟಿಮೀಟರ್ ಎತ್ತರಕ್ಕೆ ಪುಡಿ ತುಂಬಿ, ಪ್ರತಿ ಸಲವೂ ಒಂದೇ ಬಿಗಿಯಲ್ಲಿ ಹದವಾಗಿ ಒತ್ತಿ. ಕಾಂಪೋಸ್ಟ್ ಹಗುರ ವಸ್ತು. ಎತ್ತರ ಕಡಿಮೆಯಾದರೆ ಕಿರಣ ಆಚೆ ಹಾದುಹೋಗುತ್ತದೆ. ಅದರ ಹೊಡೆತ ಮೊದಲು ಬೀಳುವುದು ಕ್ಯಾಡ್ಮಿಯಂಗೆ. ಇದ್ದರೂ ಕಡಿಮೆ ತೋರಿಸುತ್ತದೆ.

ಪಾಲಿಥಿನ್ ಚೀಲದ ಮೇಲಿಂದಲೇ ಹಿಡಿಯುವವರಿದ್ದಾರೆ. ಸೀಸದ ಅಂಕಿಗೆ ಅಷ್ಟೇನೂ ತೊಂದರೆಯಿಲ್ಲ, ಕ್ರೋಮಿಯಂ ಮಾತ್ರ ಇಳಿದುಬಿಡುತ್ತದೆ. ಬಣ್ಣದ ಚೀಲವಾದರೆ ಆ ಬಣ್ಣದಲ್ಲೇ ಲೋಹ ಇರಬಹುದು.

## 6. ಗನ್ ಸಿದ್ಧಮಾಡುವುದು

ಆನ್ ಮಾಡಿ ಬಿಸಿಯಾಗಲು ಬಿಡಿ. ತಯಾರಕರು ಕೊಟ್ಟ ಲೋಹದ ತುಂಡಿನಿಂದ ಅದರ ಸ್ವಂತ ತಪಾಸಣೆ ಮುಗಿಸಿ. ಮಣ್ಣಿನ ಮೋಡ್ ಆರಿಸಿ. ಗಣಿ ಅದಿರಿನ ಮೋಡ್ ಬೇಡ.

ಮೊದಲು ಸಿಲಿಕಾ ಪುಡಿಗೆ ಹಿಡಿಯಿರಿ. ಅದರಲ್ಲಿ ಸೀಸ, ಸತು ಕಂಡರೆ ಕಿಟಕಿ ಅಥವಾ ಕಪ್ ಕೊಳೆಯಾಗಿದೆ. ಒರೆಸಿ, ಫಿಲ್ಮ್ ಬದಲಿಸಿ, ಮತ್ತೆ ನೋಡಿ. ನಂತರ ಪ್ರಮಾಣಿತ ಮಣ್ಣಿಗೆ ಹಿಡಿಯಿರಿ. ಅಳತೆಯ ಮಾನಕಗಳನ್ನು ರೂಪಿಸುವ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ ಪ್ರಮಾಣಿತ ಮಣ್ಣುಗಳನ್ನು ಹಲವರು ಬಳಸುತ್ತಾರೆ. ಅದೇ ಸಂಸ್ಥೆಯ ಚರಂಡಿ ಕೆಸರಿನ ಪುಡಿ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಸಾವಯವ ಅಂಶ ಇರುವುದರಿಂದ ಕಾಂಪೋಸ್ಟ್‌ಗೆ ಹತ್ತಿರ. ಗನ್‌ನ ಅಂಕಿ ಪ್ರಮಾಣಪತ್ರದ ಅಂಕಿಗಿಂತ ಶೇ 20ಕ್ಕಿಂತ ಹೆಚ್ಚು ಆಚೀಚೆ ಹೋದರೆ ಅವತ್ತು ಕೆಲಸ ಶುರು ಮಾಡಬೇಡಿ.

ಈ ಎರಡು ತಪಾಸಣೆಯನ್ನು ಶುರುವಿನಲ್ಲಿ, ಇಪ್ಪತ್ತು ಸ್ಯಾಂಪಲ್‌ಗೊಮ್ಮೆ, ಕೊನೆಯಲ್ಲಿ ಮಾಡಿ. ಕೊನೆಯದನ್ನು ಬಿಡುವವರೇ ಜಾಸ್ತಿ. ಮಧ್ಯಾಹ್ನ ಗನ್ ದಾರಿ ತಪ್ಪಿದ್ದು ಸಂಜೆಯ ತಪಾಸಣೆಯಿಲ್ಲದೆ ಗೊತ್ತಾಗುವುದಿಲ್ಲ.

## 7. ರೀಡಿಂಗ್ ತೆಗೆಯುವುದು

ಕಪ್ ಅನ್ನು ಸ್ಟ್ಯಾಂಡಿನಲ್ಲಿಟ್ಟೇ ಅಳೆಯಿರಿ. ಕೈಯಲ್ಲಿ ಹಿಡಿದು ಎಂದಿಗೂ ಬೇಡ. ಲೋಹದ ತುಂಡು ಕಿರಣವನ್ನು ತಡೆಯುತ್ತದೆ, ಕಾಂಪೋಸ್ಟ್ ತಡೆಯುವುದಿಲ್ಲ. ಅದರ ಮೂಲಕ ಕಿರಣ ಹಾದು ಆಚೆ ಬರುತ್ತದೆ, ಪಕ್ಕಕ್ಕೂ ಚದುರುತ್ತದೆ. ಮರದ ಮೇಜಿನ ಮೇಲಿಟ್ಟು ಕೆಳಮುಖ ಹಿಡಿದು, ಮೇಜಿನ ಕೆಳಗೆ ಕಾಲು ಚಾಚಿ ಕೂತರೆ ಕಿರಣ ನೇರ ನಿಮ್ಮ ಕಾಲಿಗೆ. ಎದುರಿಗೆ ಯಾರೂ ನಿಲ್ಲಬಾರದು. ಮಕ್ಕಳು, ಗರ್ಭಿಣಿಯರು ಆ ಕೋಣೆಯಲ್ಲೇ ಇರಬಾರದು.

ಪ್ರತಿ ಕಪ್‌ಗೆ ಕನಿಷ್ಠ 120 ಸೆಕೆಂಡ್ ಕೊಡಿ. ಸಮಯ ನಾಲ್ಕು ಪಟ್ಟು ಆದರೆ ದೋಷ ಅರ್ಧವಾಗುತ್ತದೆ: 60 ಸೆಕೆಂಡಿಗೆ ±6 ಇದ್ದದ್ದು 240 ಸೆಕೆಂಡಿಗೆ ±3. ಹತ್ತು ಸೆಕೆಂಡಿನ ರೀಡಿಂಗ್‌ನಿಂದ ಕ್ಯಾಡ್ಮಿಯಂ ಬಗ್ಗೆ ಮಾತಾಡಲೇಬಾರದು.

ಒಂದೇ ಕಪ್‌ಗೆ ಮೂರು ಸಲ ಹಿಡಿಯಿರಿ. ಪ್ರತಿ ಸಲವೂ ಪುಡಿಯನ್ನು ಹೊರಗೆ ಸುರಿದು, ಬೆರೆಸಿ, ಮತ್ತೆ ತುಂಬಿ. ಮೂರು ಅಂಕಿ ಹತ್ತಿರ ಬಂದರೆ ಸರಾಸರಿ ತೆಗೆದುಕೊಳ್ಳಿ. ಒಂದು ಮಾತ್ರ ಹಾರಿದರೆ ಅದನ್ನು ಅಳಿಸಬೇಡಿ. ಪುಡಿಯಲ್ಲಿ ಲೋಹದ ಕಣ ಉಳಿದಿದೆ ಎಂಬ ಸೂಚನೆ ಅದು. ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ.

## 8. ಅಂಕಿಯನ್ನು ಓದುವುದು

ಪರದೆಯ ಮೇಲೆ "ಪತ್ತೆಯಿಲ್ಲ" ಎಂದು ಬಂದರೆ ಅದು ಸೊನ್ನೆಯಲ್ಲ. ಗನ್‌ನ ಕಣ್ಣಿಗೆ ಬೀಳುವಷ್ಟು ಇಲ್ಲ ಅಂತ ಅಷ್ಟೇ. ಕ್ಯಾಡ್ಮಿಯಂನ ಪತ್ತೆ ಮಟ್ಟ 10 ಇರುವ ಗನ್‌ನಲ್ಲಿ, ಮಿತಿಯ ದುಪ್ಪಟ್ಟಿಗೆ ಹತ್ತಿರವಾದ 9 ಪಿಪಿಎಂ ಇದ್ದರೂ ಅದೇ ಬರುತ್ತದೆ. ವರದಿಯಲ್ಲಿ ಸೊನ್ನೆ ಬರೆಯದೆ "10ಕ್ಕಿಂತ ಕಡಿಮೆ" ಎಂದು ಬರೆಯಿರಿ.

ಸೀಸ ಮತ್ತು ಆರ್ಸೆನಿಕ್‌ನದು ಹಳೆಯ ಜಗಳ. ಎರಡರ ಮುಖ್ಯ ಕಿರಣಗಳೂ 10.5 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಆಸುಪಾಸಿನಲ್ಲಿ ಒಂದರ ಮೇಲೊಂದು ಬೀಳುತ್ತವೆ. ಗನ್‌ನ ಸಾಫ್ಟ್‌ವೇರ್ ಬೇರ್ಪಡಿಸಲು ಪ್ರಯತ್ನಿಸುತ್ತದೆ. ಆದರೆ ಸೀಸ ಆರ್ಸೆನಿಕ್‌ಗಿಂತ ಹತ್ತು ಪಟ್ಟು ಇದ್ದರೆ ಆರ್ಸೆನಿಕ್‌ನ ಅಂಕಿಯನ್ನು ನಂಬಬೇಡಿ, ಲ್ಯಾಬ್‌ಗೆ ಬಿಡಿ.

ಕ್ರೋಮಿಯಂ ವಿಷಯಕ್ಕೆ ಬರೋಣ. ಗನ್ ಒಟ್ಟು ಲೋಹ ಅಳೆಯುತ್ತದೆ. ಲ್ಯಾಬ್ ಅಳೆಯುವುದು ಆಮ್ಲದಲ್ಲಿ ಕರಗಿ ಬಂದದ್ದನ್ನು. ಕ್ರೋಮೈಟ್‌ನಂಥ ಖನಿಜ ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಮಣ್ಣು ಜಾಸ್ತಿ ಬೆರೆತ ಗೊಬ್ಬರದಲ್ಲಿ ಗನ್ 90 ಎಂದರೆ ಲ್ಯಾಬ್ 45 ಎನ್ನಬಹುದು. ಇಬ್ಬರೂ ಸರಿಯೇ. ಮೊದಲನೇ ಹಂತದಲ್ಲಿ ಮಣ್ಣಿನ ಮೂಲ ಕೇಳಿದ್ದು ಇದಕ್ಕೇ.

ಸೀಸಕ್ಕೆ ನಾನು ಇಟ್ಟುಕೊಳ್ಳುವ ಗೆರೆಗಳು ಇವು. ಒಣ ಪುಡಿಯಲ್ಲಿ 60ರ ಕೆಳಗೆ ಬಂದರೆ ಮುಂದುವರಿಸಿ. 60ರಿಂದ 140ರ ನಡುವೆ ಬಂದರೆ ಗನ್ ತೀರ್ಪು ಕೊಡಲಾರದು, ಲ್ಯಾಬ್‌ಗೆ ಕಳಿಸಿ. 140ರ ಮೇಲಾದರೆ ರಾಶಿಯನ್ನು ತಡೆಹಿಡಿದು ಕಳಿಸಿ. ನಡುವಿನ ಪಟ್ಟಿ ಅಗಲ ಅನ್ನಿಸಬಹುದು. ನಿಮ್ಮದೇ ಲ್ಯಾಬ್ ಹೋಲಿಕೆ ಕೈಯಲ್ಲಿದ್ದರೆ ಅದನ್ನು ಕಿರಿದು ಮಾಡಿಕೊಳ್ಳಿ.

## 9. ಲ್ಯಾಬ್ ಜೊತೆ ಹೋಲಿಕೆ

ಗನ್‌ನ ಮಣ್ಣಿನ ಮೋಡ್ ಮರಳು-ಮಣ್ಣಿಗೆ ಹೊಂದಿಸಿದ್ದು. ಕಾಂಪೋಸ್ಟ್ ಅದಕ್ಕಿಂತ ಹಗುರ. ಆದ್ದರಿಂದ ನಿಮ್ಮ ಗೊಬ್ಬರಕ್ಕೆ ನಿಮ್ಮದೇ ತಿದ್ದುಪಡಿ ಬೇಕು. ಕಡಿಮೆ, ಮಧ್ಯಮ, ಜಾಸ್ತಿ ಮೂರೂ ಬಗೆಯ ರಾಶಿಗಳಿಂದ ಹತ್ತಕ್ಕಿಂತ ಕಡಿಮೆಯಿಲ್ಲದಂತೆ ಸ್ಯಾಂಪಲ್ ಆರಿಸಿ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್‌ಗೆ ಕಳಿಸಿ. ಕಳಿಸಬೇಕಾದ್ದು ಗನ್ ಹಿಡಿದ ಅದೇ ಪುಡಿ; ಪಾದರಸಕ್ಕೆ ಮಾತ್ರ ಮೂರನೇ ಹಂತದಲ್ಲಿ ಮುಚ್ಚಿಟ್ಟ ಬಾಟಲಿ. ರಾಶಿಯಿಂದ ಇನ್ನೊಂದು ಹಿಡಿ ತೆಗೆದು ಕಳಿಸಿದರೆ ಹೋಲಿಕೆ ಆಗುವುದಿಲ್ಲ, ಎರಡು ಬೇರೆ ಸ್ಯಾಂಪಲ್‌ಗಳ ಅಂಕಿ ಆಗುತ್ತದೆ.

ವರದಿ ಒಣ ತೂಕದಲ್ಲಿರಲಿ, ಯಾವ ಆಮ್ಲದಲ್ಲಿ ಕರಗಿಸಿದರು ಎಂದು ಬರೆದಿರಲಿ, ಪಾದರಸವನ್ನು ಪ್ರತ್ಯೇಕ ವಿಧಾನದಲ್ಲಿ ಮಾಡಿರಲಿ. ಇದನ್ನು ಮೊದಲೇ ಹೇಳಿ. ಬಂದ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗನ್ ಒಂದು ಕಡೆ, ಲ್ಯಾಬ್ ಒಂದು ಕಡೆ ಇಟ್ಟು ಚುಕ್ಕಿ ಹಾಕಿ. ಚುಕ್ಕಿಗಳು ಒಂದು ಗೆರೆಯ ಹತ್ತಿರ ಕೂತರೆ ಆ ಗೆರೆಯೇ ನಿಮ್ಮ ತಿದ್ದುಪಡಿ. ಚೆಲ್ಲಾಪಿಲ್ಲಿಯಾದರೆ ತಪ್ಪು ಗನ್‌ನಲ್ಲಿ ಹುಡುಕುವ ಮೊದಲು ಎರಡು, ಮೂರು, ನಾಲ್ಕನೇ ಹಂತಗಳಲ್ಲಿ ಹುಡುಕಿ. ಆಮೇಲೂ ಇಪ್ಪತ್ತರಲ್ಲಿ ಒಂದು ಸ್ಯಾಂಪಲ್ ಲ್ಯಾಬ್‌ಗೆ ಹೋಗುತ್ತಿರಲಿ.

ಮಾರಾಟದ ಚೀಲದ ಮೇಲೆ ಹಾಕುವ ಅಂಕಿ ಲ್ಯಾಬ್‌ನದೇ ಆಗಿರಬೇಕು. ಗನ್‌ನ ಅಂಕಿಯನ್ನು ಪ್ರಮಾಣಪತ್ರದಂತೆ ತೋರಿಸಬೇಡಿ.

## ರಾಶಿ ಫೇಲಾದರೆ

ಒಳ್ಳೆಯ ಗೊಬ್ಬರ ಬೆರೆಸಿ ಅಂಕಿ ಇಳಿಸುವ ಯೋಚನೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದರೆ ಲೋಹ ಎಲ್ಲೂ ಹೋಗುವುದಿಲ್ಲ, ಇನ್ನಷ್ಟು ಹೊಲಗಳಿಗೆ ಹಂಚಿಹೋಗುತ್ತದೆ. 100 ಪಿಪಿಎಂ ಸೀಸ ಇರುವ ಗೊಬ್ಬರವನ್ನು ಎಕರೆಗೆ ಒಣ ತೂಕದಲ್ಲಿ ಐದು ಟನ್ ಹಾಕಿದರೆ ಅರ್ಧ ಕಿಲೋ ಸೀಸ ಹಾಕಿದಂತೆ. ಮುಂದಿನ ವರ್ಷ ಮತ್ತೆ ಅರ್ಧ ಕಿಲೋ. ಮಣ್ಣಿಗೆ ಸೇರಿದ ಸೀಸವನ್ನು ರೈತ ವಾಪಸ್ ತೆಗೆಯಲಾರ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮಿತಿ ಮೀರಿದ ಕಾಂಪೋಸ್ಟ್ ಅನ್ನು ಆಹಾರ ಬೆಳೆಗೆ ಬಳಸಬಾರದು, ಬೇರೆ ಉದ್ದೇಶಕ್ಕೆ ಬಳಸಬಹುದು ಎಂದು ಹೇಳಿದ್ದವು. ರಸ್ತೆ ವಿಭಜಕದ ಗಿಡ, ಮುಚ್ಚಿದ ಕಸದ ಗುಡ್ಡದ ಮೇಲಿನ ಹಸಿರು ಹೊದಿಕೆ, ಇಂಥ ಕಡೆ ಹೋಗಲಿ. ಬಾವಿ, ಕೆರೆ, ಮಕ್ಕಳು ಆಡುವ ಜಾಗದ ಹತ್ತಿರ ಬೇಡ. ರಾಶಿಯನ್ನು ಪ್ರತ್ಯೇಕವಾಗಿಟ್ಟು ಮಳೆ ಬೀಳದಂತೆ ಮುಚ್ಚಿ, ಮೇಲೆ ಫಲಕ ಹಾಕಿ.

ಆಮೇಲೆ ಒಂದನೇ ಹಂತದ ಪಟ್ಟಿ ತೆಗೆದು, ಆ ರಾಶಿಗೆ ಬಂದ ಒಂದೊಂದು ಮೂಲದ ಕಸವನ್ನೂ ಬೇರೆ ಬೇರೆಯಾಗಿ ಒಣಗಿಸಿ, ಪುಡಿ ಮಾಡಿ, ಗನ್ ಹಿಡಿಯಿರಿ. ಗನ್‌ನ ನಿಜವಾದ ಉಪಯೋಗ ಇಲ್ಲಿದೆ. ಪ್ರತಿ ಮೂಲವನ್ನೂ ಲ್ಯಾಬ್‌ಗೆ ಕಳಿಸಲು ದುಡ್ಡೂ ಸಮಯವೂ ಸಾಲುವುದಿಲ್ಲ. ಗನ್‌ನಿಂದ ಒಂದೇ ದಿನದಲ್ಲಿ ಹತ್ತಾರು ಮೂಲ ನೋಡಬಹುದು. ರಸ್ತೆ ಗುಡಿಸಿದ ಧೂಳೋ, ಒಂದು ಮಾರುಕಟ್ಟೆಯ ಲೋಡೋ, ಎಲ್ಲಿಂದಲೋ ತಂದ ಬೂದಿಯೋ, ಸೀಸ ಎತ್ತರ ಬಂದ ಮೂಲವನ್ನು ಮುಂದಿನ ರಾಶಿಗೆ ಸೇರಿಸದೆ ನಿಲ್ಲಿಸಿ.